ಠಾಣೆಯಲ್ಲಿ ಪೆಟ್ಟು ತಿಂದು ಬಂದವರು ಮೊದಲು ಹೋಗಬೇಕಾದದ್ದು ಸರ್ಕಾರಿ ಆಸ್ಪತ್ರೆಗೆ

ತಾಲ್ಲೂಕು ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದಿಂದ ಜನರ ಜಗಳಗಳನ್ನು ಟೈಪು ಮಾಡಿಕೊಂಡೇ ಹೊಟ್ಟೆ ಹೊರೆದಿದ್ದೇನೆ. ನಾನು ವಕೀಲಳಲ್ಲ. ಆದರೆ ಪೊಲೀಸರ ಮೇಲೆ ಬರೆದ ದೂರುಗಳಲ್ಲಿ ಯಾವುದು ಮುಂದಕ್ಕೆ ಹೋಯಿತು, ಯಾವುದು ಟಪಾಲು ವಿಭಾಗದಲ್ಲೇ ಧೂಳು ಹಿಡಿಯಿತು ಅನ್ನುವುದನ್ನು ಈ ಕುರ್ಚಿಯಲ್ಲಿ ಕೂತೇ ನೋಡಿದ್ದೇನೆ. ಅವುಗಳಲ್ಲಿ ಒಂದು ನಮ್ಮ ಮನೆಯದೇ.

ನನ್ನ ತಮ್ಮನನ್ನು ಬೈಕ್ ಕಳವಿನ ವಿಚಾರಣೆ ಅಂತ ಒಂದು ಸಂಜೆ ಕರೆದುಕೊಂಡು ಹೋದರು. ಎರಡು ರಾತ್ರಿ ಇಟ್ಟುಕೊಂಡರು. ಅಂಗಾಲಿಗೆ ಹೊಡೆದರು. ಮೂರನೇ ದಿನ ನಿಜವಾದ ಕಳ್ಳ ಸಿಕ್ಕಿದ ಮೇಲೆ "ಬೇಜಾರ್ ಮಾಡ್ಕೋಬೇಡಪ್ಪ, ಹೋಗು" ಅಂತ ಟೀ ಕುಡಿಸಿ ಕಳಿಸಿದರು. ಯಾವ ಠಾಣೆ, ಯಾವ ಸಾಹೇಬರು ಅಂತ ಇಲ್ಲಿ ಬರೆಯುವುದಿಲ್ಲ. ಅವನು ಅಷ್ಟು ಹೊತ್ತು ಅಲ್ಲಿದ್ದ ಅನ್ನುವುದಕ್ಕೆ ಒಂದೇ ಒಂದು ಕಾಗದ ಇರಲಿಲ್ಲ. ಅವ್ವ ಅವನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟಳು, ಎಣ್ಣೆ ಹಚ್ಚಿದಳು. ನಾನು ಸಿಟ್ಟಿನಲ್ಲಿ ಒಂಬತ್ತು ಪುಟದ ದೂರು ಟೈಪು ಮಾಡಿ, ರಾಷ್ಟ್ರಪತಿಗಳಿಂದ ಹಿಡಿದು ಹದಿನಾಲ್ಕು ಕಡೆ ಪ್ರತಿ ಕಳಿಸಿದೆ. ಎರಡೂ ತಪ್ಪು. ಶಾಖಕ್ಕೆ ಬಾವು ಇಳಿಯಿತು, ಅದರ ಜೊತೆ ಸಾಕ್ಷಿಯೂ ಇಳಿದುಹೋಯಿತು. ಹದಿನಾಲ್ಕು ಕಚೇರಿಯವರೂ ದೂರನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ, ಕೊನೆಗೆ ಅದು "ಸೂಕ್ತ ಕ್ರಮಕ್ಕಾಗಿ" ಅಂತ ಅದೇ ಠಾಣೆಗೆ ಬಂತು.

ಹಾಗಾಗಿ ಮುಂದೆ ಬರೆಯುವುದೆಲ್ಲ ನಾವು ಮಾಡಬೇಕಿತ್ತು, ಮಾಡಲಿಲ್ಲ ಅನ್ನುವುದರ ಪಟ್ಟಿ ಅಂತಲೇ ಓದಿಕೊಳ್ಳಿ. ಕಾನೂನಿನ ಕಲಮುಗಳು 2024ರ ಜುಲೈ 1ರಿಂದ ಬದಲಾಗಿವೆ. ಹಳೆಯ ಐಪಿಸಿಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ನಾನು ಹೊಸ ಸಂಖ್ಯೆಗಳನ್ನೇ ಹೇಳುತ್ತೇನೆ.

ಮನುಷ್ಯ ಇನ್ನೂ ಒಳಗೇ ಇದ್ದರೆ

ಠಾಣೆಯ ಬಾಗಿಲಲ್ಲಿ ನಿಂತು ಕೂಗಾಡಬೇಡಿ. "ಸರ್ಕಾರಿ ಕೆಲಸಕ್ಕೆ ಅಡ್ಡಿ" ಅನ್ನುವ ಕೇಸು, ಅಂದರೆ ನ್ಯಾಯ ಸಂಹಿತೆಯ 132ನೇ ಕಲಂ, ಅಲ್ಲೇ ಸಿದ್ಧವಾಗುತ್ತದೆ. ಅದರ ಬದಲು ಫೋನಿನಿಂದಲೇ ಜಿಲ್ಲಾ ಎಸ್‌ಪಿಗೆ, ನಗರವಾದರೆ ಕಮಿಷನರಿಗೆ, ಒಂದು ಇಮೇಲ್ ಹಾಕಿ: ಇಂಥವರನ್ನು, ಇಷ್ಟು ಗಂಟೆಗೆ, ಇಲ್ಲಿಂದ, ಇಂಥ ಠಾಣೆಯವರು ಕರೆದೊಯ್ದಿದ್ದಾರೆ, ಬಂಧನದ ಮೆಮೊ ಕೊಟ್ಟಿಲ್ಲ, ಕಾರಣ ತಿಳಿಸಿಲ್ಲ. ನಾಲ್ಕು ಸಾಲು ಸಾಕು. ಮೊದಲೆಲ್ಲ ವಕೀಲರು ಇದಕ್ಕೇ ತಂತಿ ಕೊಡಿಸುತ್ತಿದ್ದರು. 2013ರಲ್ಲಿ ತಂತಿ ಸೇವೆಯೇ ನಿಂತಿತು. ಈಗ ಇಮೇಲಿನ ಮೇಲಿರುವ ದಿನಾಂಕ ಮತ್ತು ಗಂಟೆ ಆ ಕೆಲಸ ಮಾಡುತ್ತದೆ. ಅಂದು ರಾತ್ರಿ ಆ ಇಮೇಲಿಗೆ ಯಾರೂ ಉತ್ತರ ಕೊಡದಿರಬಹುದು. ಆದರೆ ಮುಂದೆ "ಅವನು ಠಾಣೆಗೆ ಬಂದೇ ಇರಲಿಲ್ಲ" ಅನ್ನುವ ಮಾತು ಬಂದಾಗ ಅದು ಬಾಯಿ ತೆರೆಯುತ್ತದೆ.

ಬಂಧಿಸಿದರೆ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೋ ಊರಿನವರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು, ಬಂಧನದ ಸುದ್ದಿ ಮನೆಗೆ ಮುಟ್ಟಿಸಬೇಕು, ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು. ಇದನ್ನೆಲ್ಲ ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 36 ಮತ್ತು 48ನೇ ಕಲಮುಗಳಲ್ಲೂ ಇದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು; ದಾರಿ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. "ಬಂಧಿಸಿಲ್ಲ, ಸುಮ್ನೆ ವಿಚಾರಣೆಗೆ ಕೂರಿಸಿದೀವಿ" ಅನ್ನುವುದು ಹಳೆಯ ಮಾತು. ಎದ್ದು ಹೋಗಲು ಬಿಡದಿದ್ದರೆ ಅದು ಕೂರಿಸುವುದಲ್ಲ, ಕೂಡಿಹಾಕುವುದು. ಒಂದು ದಿನ ದಾಟಿದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯ (ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಅರ್ಜಿ) ಬಗ್ಗೆ ವಕೀಲರ ಜೊತೆ ಮಾತಾಡಿ. ಬೆಂಗಳೂರೇ ಆಗಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಹೆಂಗಸರು, ಅರವತ್ತು ದಾಟಿದವರು, ಹದಿನೈದರ ಒಳಗಿನ ಮಕ್ಕಳು ಇವರನ್ನು ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತೆಯೇ ಇಲ್ಲ. ಮನೆಗೇ ಬಂದು ಕೇಳಬೇಕು ಅನ್ನುತ್ತದೆ ಸುರಕ್ಷಾ ಸಂಹಿತೆಯ 179ನೇ ಕಲಂ.

ಒಳಗಿರುವವರಿಗೆ ಸಾಧ್ಯವಾದರೆ ಮುಟ್ಟಿಸಬೇಕಾದ ಮಾತು ಒಂದೇ: ಖಾಲಿ ಹಾಳೆಗೆ ಸಹಿ ಹಾಕಬೇಡ.

ಹೊರಬಂದ ಮೇಲೆ

ಮನೆಗಲ್ಲ, ಸರ್ಕಾರಿ ಆಸ್ಪತ್ರೆಗೆ. ಸ್ನಾನ, ಎಣ್ಣೆ, ಶಾಖ ಯಾವುದೂ ಬೇಡ. ಹಾಕಿಕೊಂಡಿದ್ದ ಬಟ್ಟೆಯಲ್ಲೇ ಹೋಗಿ. ಆಸ್ಪತ್ರೆಯಲ್ಲಿ "ಎಂಎಲ್‌ಸಿ ಮಾಡಿ" ಅಂತ ಬಾಯಿಬಿಟ್ಟು ಕೇಳಬೇಕು. ಎಂಎಲ್‌ಸಿ ಅಂದರೆ ಮೆಡಿಕೋ ಲೀಗಲ್ ಕೇಸ್, ಕಾನೂನಿಗೆ ಸಂಬಂಧಿಸಿದ ಗಾಯ ಅಂತ ಆಸ್ಪತ್ರೆ ಬರೆದಿಡುವ ದಾಖಲೆ. ಆಗ ಡ್ಯೂಟಿ ಡಾಕ್ಟರು "ಹೇಗಾಯ್ತು?" ಅನ್ನುತ್ತಾರೆ. ಇಡೀ ಕೇಸು ಈ ಒಂದು ಪ್ರಶ್ನೆಯ ಮೇಲೆ ನಿಂತಿರುತ್ತದೆ. ಹೆದರಿಕೆಗೆ "ಬಿದ್ದೆ ಸರ್" ಅಂದರೆ ರಿಜಿಸ್ಟರಿನಲ್ಲಿ "ಬಿದ್ದು ಗಾಯ" ಅಂತಲೇ ಕೂರುತ್ತದೆ, ಆಮೇಲೆ ಅದನ್ನು ಅಳಿಸುವವರು ಯಾರೂ ಇಲ್ಲ. "ಇಂಥ ದಿನ ಇಂಥ ಠಾಣೆಯಲ್ಲಿ ಇಂಥ ಪೊಲೀಸರು ಲಾಠಿಯಿಂದ ಹೊಡೆದರು" ಅಂತಲೇ ಹೇಳಬೇಕು. ಬರೆದದ್ದನ್ನು ಓದಿ ಹೇಳಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಗಾಯದ ಪ್ರಮಾಣಪತ್ರ ನೇರ ಪೊಲೀಸರ ಕೈಗೆ ಹೋಗುತ್ತದೆ, ನಿಮ್ಮ ಕೈಯಲ್ಲಿ ಉಳಿಯುವುದು ಓಪಿ ಚೀಟಿ, ಎಕ್ಸ್‌ರೇ, ಔಷಧಿ ಚೀಟಿ. ಅವನ್ನು ಬಿಸಾಡಬೇಡಿ. ಎಂಎಲ್‌ಸಿ ನಂಬರನ್ನು ಓಪಿ ಚೀಟಿಯ ಮೇಲೆ ಬರೆಸಿಕೊಳ್ಳಿ.

ಪೆಟ್ಟಿನ ಬಣ್ಣ ಮೊದಲ ದಿನಕ್ಕಿಂತ ಎರಡನೇ ಮೂರನೇ ದಿನ ಗಾಢವಾಗಿ ಕಾಣುತ್ತದೆ. ದಿನಾ ಫೋಟೊ ತೆಗೆಯಿರಿ, ಒಂದರಲ್ಲಿ ಮುಖವೂ ಗಾಯವೂ ಒಟ್ಟಿಗೆ ಇರಲಿ. ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ವಾಟ್ಸಾಪಿನಲ್ಲಿ ಹತ್ತು ಕಡೆ ತಿರುಗಿ ಬಂದ ಚಿತ್ರಕ್ಕೆ ಕೋರ್ಟಿನಲ್ಲಿ ಅಷ್ಟು ಬೆಲೆ ಇಲ್ಲ. ಅಲ್ಲಿ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು, ಅದನ್ನು ವಕೀಲರು ನೋಡಿಕೊಳ್ಳುತ್ತಾರೆ.

ಬಿಡದೆ ರಿಮಾಂಡಿಗೆ ಹಾಜರುಪಡಿಸಿದರೆ ಆಸ್ಪತ್ರೆಯ ಕೆಲಸವನ್ನು ಮ್ಯಾಜಿಸ್ಟ್ರೇಟರ ಮುಂದೆಯೇ ಮಾಡಬೇಕು. "ಪೊಲೀಸರಿಂದ ಏನಾದರೂ ತೊಂದರೆಯಾಯಿತೇ?" ಅಂತ ಅವರು ಕೇಳುತ್ತಾರೆ. ಪಕ್ಕದಲ್ಲೇ ಹೊಡೆದವನು ನಿಂತಿರುತ್ತಾನೆ, ಗೊತ್ತು. ಆದರೂ ಆ ಅರ್ಧ ನಿಮಿಷ ಸುಮ್ಮನಿದ್ದರೆ ಆರ್ಡರ್ ಶೀಟಿನಲ್ಲಿ "ದೂರು ಇಲ್ಲ" ಅಂತ ದಾಖಲಾಗುತ್ತದೆ. ಅಂಗಿ ಎತ್ತಿ ತೋರಿಸಿ, ವೈದ್ಯಕೀಯ ಪರೀಕ್ಷೆಗೆ ಕಳಿಸಿ ಅಂತ ಕೇಳಿ. ಸುರಕ್ಷಾ ಸಂಹಿತೆಯ 53ನೇ ಕಲಮಿನ ಪ್ರಕಾರ ಆ ವರದಿಯ ಪ್ರತಿ ನಿಮಗೂ ಸಿಗಬೇಕು.

ಕ್ಯಾಮೆರಾ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಹತ್ತರಲ್ಲಿ ಒಂಬತ್ತು ಜನ ಇದನ್ನು ಮರೆಯುತ್ತಾರೆ. 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು: ಪ್ರತಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಅಧಿಕಾರಿಗಳ ಕೋಣೆ ಎಲ್ಲ ಕಡೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು, ಚಿತ್ರಗಳನ್ನು ಹದಿನೆಂಟು ತಿಂಗಳು, ಅಷ್ಟು ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ಆದೇಶ ಹೀಗಿದೆ, ಠಾಣೆಯ ಉತ್ತರ "ಆ ದಿನ ಕೆಟ್ಟಿತ್ತು" ಅಂತ ಬರಬಹುದು. ಬರಲಿ, ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ನಾನು ಟೈಪು ಮಾಡಿಕೊಡುವುದು ಇಷ್ಟೇ:

"ದಿನಾಂಕ ... ಸಂಜೆ ... ಗಂಟೆಯಿಂದ ದಿನಾಂಕ ... ಬೆಳಿಗ್ಗೆ ... ಗಂಟೆಯವರೆಗೆ ನಾನು ತಮ್ಮ ಠಾಣೆಯಲ್ಲಿದ್ದೆನು. ಸದರಿ ಅವಧಿಯ ಎಲ್ಲ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಯ್ದಿರಿಸಬೇಕೆಂದೂ, ಅವುಗಳ ಪ್ರತಿಯನ್ನು ನನಗೆ ನೀಡಬೇಕೆಂದೂ ಕೋರುತ್ತೇನೆ. ಇವು ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಲಿವೆ."

ಒಂದು ಪ್ರತಿ ಠಾಣಾಧಿಕಾರಿಗೆ, ಒಂದು ಎಸ್‌ಪಿಗೆ, ಎರಡೂ ಸ್ಪೀಡ್ ಪೋಸ್ಟಿನಲ್ಲಿ. ಅದೇ ವಾರ ಮಾಹಿತಿ ಹಕ್ಕಿನ ಅರ್ಜಿಯೂ ಹೋಗಲಿ: ಹತ್ತು ರೂಪಾಯಿ ಶುಲ್ಕ, ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, ನೂರೈವತ್ತು ಪದ ದಾಟಬಾರದು. ಠಾಣಾ ದಿನಚರಿ, ಅಂದಿನ ಡ್ಯೂಟಿ ಪಟ್ಟಿ ಬೇಕಿದ್ದರೆ ಬೇರೆ ಬೇರೆ ಅರ್ಜಿ ಹಾಕಿ. ಮೂವತ್ತು ದಿನ ಕಾಯಿರಿ. ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ನಿಮಗೆ ಬೇಕಾದದ್ದೇನು?

ಅಂಗಡಿಗೆ ಬಂದವರನ್ನು ನಾನು ಕೂರಿಸಿ ಕೇಳುವ ಮೊದಲ ಪ್ರಶ್ನೆ ಇದು. ಅವನ ಕೆಲಸಕ್ಕೆ ಕುತ್ತು ಬರಬೇಕೇ? ಜೈಲಿಗೆ ಹೋಗಬೇಕೇ? ನಿಮಗೆ ಪರಿಹಾರದ ಹಣ ಬೇಕೇ? ಅಥವಾ ಇನ್ನು ಮುಂದೆ ನಿಮ್ಮ ತಂಟೆಗೆ ಬರದಿದ್ದರೆ ಸಾಕೇ? "ಎಲ್ಲಾ ಬೇಕಕ್ಕ" ಅನ್ನುತ್ತಾರೆ. ಎಲ್ಲ ಕೇಳಬಹುದು. ಆದರೆ ಒಂದೊಂದಕ್ಕೆ ಒಂದೊಂದು ಬಾಗಿಲು. ಒಂದೇ ಕಾಗದದಲ್ಲಿ ಎಲ್ಲ ಕೇಳಿದವರು ನನ್ನ ಹಾಗೆ ಒಂಬತ್ತು ಪುಟ ವ್ಯರ್ಥ ಮಾಡುತ್ತಾರೆ.

ಕೆಲಸಕ್ಕೆ ಸಂಬಂಧಿಸಿದ ಶಿಸ್ತುಕ್ರಮ ಬೇಕಾದರೆ ಎಸ್‌ಪಿಗೆ ಅಥವಾ ಕಮಿಷನರಿಗೆ ದೂರು. ಪುಟ ಒಂದೂವರೆ ದಾಟದಿರಲಿ. ಯಾರು, ಎಂದು, ಎಲ್ಲಿ, ಏನು ಮಾಡಿದರು, ಯಾರು ನೋಡಿದರು, ಯಾವ ಕಾಗದ ಇದೆ. ಹೆಸರು ಗೊತ್ತಿಲ್ಲದಿದ್ದರೆ ಗುರುತು ಬರೆಯಿರಿ: ಭುಜದ ಮೇಲೆ ಒಂದು ನಕ್ಷತ್ರವಿದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್. ಡ್ಯೂಟಿ ಪಟ್ಟಿ ಬಂದ ಮೇಲೆ ಹೆಸರು ತಾನಾಗಿ ಸಿಗುತ್ತದೆ. "ರಾಕ್ಷಸ", "ಕಟುಕ", "ಖಾಕಿ ತೊಟ್ಟ ಗೂಂಡಾ" ಇಂಥವು ಬಂದರೆ ನಾನೇ ತೆಗೆದುಬಿಡುತ್ತೇನೆ. ಗಿರಾಕಿಗೆ ಬೇಜಾರಾಗುತ್ತದೆ. ಆದರೆ "ಬಲ ಅಂಗಾಲಿಗೆ ಲಾಠಿಯಿಂದ ಹನ್ನೆರಡು ಏಟು" ಅನ್ನುವ ಸಾಲಿನ ಪಕ್ಕದಲ್ಲಿ "ರಾಕ್ಷಸ" ಅನ್ನುವ ಪದ ಏನೂ ಮಾಡುವುದಿಲ್ಲ. ಖಚಿತವಿಲ್ಲದ್ದನ್ನು ಸೇರಿಸಲೇಬೇಡಿ. ಎಣಿಸಿಲ್ಲದಿದ್ದರೆ ಹನ್ನೆರಡು ಅನ್ನಬೇಡಿ, "ಹಲವು ಏಟು" ಅನ್ನಿ. ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜವೆಲ್ಲ ಅದರ ಜೊತೆ ಮುಳುಗುತ್ತದೆ. ದೂರು ಕೊಟ್ಟು ಸೀಲು ಹಾಕಿದ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಗೆ ಕಾಲಿಡಬೇಡಿ. ಕೊಡದಿದ್ದರೆ ಅಂಚೆಗೆ ಹಾಕಿ.

ಇಲಾಖೆಯವರೇ ಇಲಾಖೆಯವರನ್ನು ವಿಚಾರಿಸುತ್ತಾರಲ್ಲ ಅನ್ನುವ ಅನುಮಾನ ಎಲ್ಲರಿಗೂ ಇದೆ. ಅದಕ್ಕೇ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೊಲೀಸ್ ದೂರು ಪ್ರಾಧಿಕಾರಗಳನ್ನು ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮಟ್ಟದಲ್ಲೊಂದು, ಜಿಲ್ಲೆಗೊಂದು ಪ್ರಾಧಿಕಾರ ಮಾಡಿತು. ಕೋರ್ಟು ಹಾಕಿಕೊಟ್ಟ ಲೆಕ್ಕದಲ್ಲಿ ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಗೆ, ಎಸ್‌ಪಿ ಮತ್ತು ಮೇಲಿನವರದು ರಾಜ್ಯಕ್ಕೆ. ಠಾಣೆಯಲ್ಲಿ ಸಾವು, ತೀವ್ರ ಗಾಯ, ಅತ್ಯಾಚಾರ ನಡೆದಿದ್ದರೆ ಪೇದೆಯ ಮೇಲಿನ ದೂರನ್ನೂ ರಾಜ್ಯ ಪ್ರಾಧಿಕಾರ ತೆಗೆದುಕೊಳ್ಳಬಹುದು. ಜಿಲ್ಲೆಯಲ್ಲಿ ಇಂಥದ್ದೊಂದು ಇದೆ ಅಂತ ನನ್ನ ಅಂಗಡಿಗೆ ಬಂದವರಲ್ಲಿ ಗೊತ್ತಿದ್ದವರು ಬೆರಳೆಣಿಕೆಯಷ್ಟು.

ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗಕ್ಕೆ ಕೊಟ್ಟರೆ ಅದನ್ನೇ ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ ಕೊಡಬೇಡಿ, ಒಂದರ ಮುಂದೆ ಇರುವುದನ್ನು ಇನ್ನೊಂದು ಮುಟ್ಟುವುದಿಲ್ಲ. ಆಯೋಗ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ. ಶಿಫಾರಸು ಅನ್ನುವ ಪದವನ್ನು ಎರಡು ಸಲ ಓದಿಕೊಳ್ಳಿ.

ಲಂಚ ಕೇಳಿದ್ದರೆ ಲೋಕಾಯುಕ್ತ. ಕೊಡುವ ಮೊದಲೇ ಹೋಗಿ. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತಿಳಿಸದಿದ್ದಲ್ಲಿ ಕೊಟ್ಟವರ ಮೇಲೂ ಕೇಸಾಗಬಹುದು.

ಜೈಲಿಗೆ ಕಳಿಸುವ ದಾರಿ

ತಪ್ಪೊಪ್ಪಿಸಲು ಹೊಡೆಯುವುದು ನ್ಯಾಯ ಸಂಹಿತೆಯ 120ನೇ ಕಲಮಿನಲ್ಲಿ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ, ತೀವ್ರ ಗಾಯವಾದರೆ ಹತ್ತು ವರ್ಷ. ಹೊಡೆದ ಠಾಣೆಯಲ್ಲೇ ಹೊಡೆತದ ಎಫ್‌ಐಆರ್ ಆಗುವುದು ಅಪರೂಪ. ದೂರು ತೆಗೆದುಕೊಳ್ಳದಿದ್ದರೆ ಸುರಕ್ಷಾ ಸಂಹಿತೆಯ 173(4)ರಂತೆ ಎಸ್‌ಪಿಗೆ ಬರವಣಿಗೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದ (ಅಫಿಡವಿಟ್) ಸಮೇತ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು. ಕೋರ್ಟಿನವರು ಇದಕ್ಕೆ ಪಿಸಿಆರ್ ಅನ್ನುತ್ತಾರೆ. ಎಸ್‌ಪಿಗೆ ಕಳಿಸಿದ ಅಂಚೆ ರಸೀದಿ ಇಲ್ಲದೆ ಬಂದರೆ ವಾಪಸು ಕಳಿಸುತ್ತಾರೆ. ಹೊಸ ಕಾನೂನಿನಲ್ಲಿ ಆಪಾದಿತ ನೌಕರನ ಮಾತನ್ನೂ ಅವನ ಮೇಲಧಿಕಾರಿಯ ವರದಿಯನ್ನೂ ನೋಡಿದ ಮೇಲೆಯೇ ತನಿಖೆಗೆ ಆದೇಶ ಬರುತ್ತದೆ, ಆದ್ದರಿಂದ ಮೊದಲಿಗಿಂತ ನಿಧಾನ.

ಆಮೇಲೆ ಸಿಗುವ ದೊಡ್ಡ ಬಂಡೆ, ಪೊಲೀಸರ ಮೇಲೆ ಕೇಸು ನಡೆಸಲು ಬೇಕಾದ ಸರ್ಕಾರದ ಪೂರ್ವಾನುಮತಿ. ಸುರಕ್ಷಾ ಸಂಹಿತೆಯ 218ನೇ ಕಲಂ ಒಂದು ಕಡೆ, ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಇನ್ನೊಂದು ಕಡೆ. 2020ರಲ್ಲಿ ನಮ್ಮ ರಾಜ್ಯದ್ದೇ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕರ್ತವ್ಯದ ಮಿತಿ ಮೀರಿದ ಕೃತ್ಯವಾದರೂ ಅದಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟಿದ್ದರೆ ಅನುಮತಿ ಬೇಕೇ ಬೇಕು ಅಂದಿತು. ಹಾಗಾಗಿ ದೂರಿನಲ್ಲಿ ಆ ನಂಟು ಇರಲಿಲ್ಲ ಅನ್ನುವುದು ಘಟನೆಯಿಂದಲೇ ಕಾಣಬೇಕು: ಎಫ್‌ಐಆರ್ ಇರಲಿಲ್ಲ, ನೋಟಿಸ್ ಇರಲಿಲ್ಲ, ಸಮವಸ್ತ್ರ ಇರಲಿಲ್ಲ, ಪಕ್ಕದ ಮನೆಯವರ ಆಸ್ತಿ ಜಗಳಕ್ಕೆ ಬಂದು ಹೊಡೆದರು. ಇಂಥ ಸಂಗತಿ ಇದ್ದರೆ ಮೊದಲ ಪ್ಯಾರಾದಲ್ಲೇ ಬರಲಿ.

ಪರಿಹಾರದ ಹಣ

ಇಲ್ಲಿ ಎರಡು ದಾರಿ. ಒಂದು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಬದುಕುವ ಹಕ್ಕನ್ನು ಸರ್ಕಾರದ ನೌಕರ ತುಳಿದರೆ ಸರ್ಕಾರವೇ ಹಣ ಕೊಡಬೇಕು ಅನ್ನುವುದು 1983ರ ರುದುಲ್ ಸಾಹ್ ಪ್ರಕರಣದಿಂದ ಬಂದದ್ದು. ಬಿಡುಗಡೆಯ ಆದೇಶವಾದ ಮೇಲೂ ಬಿಹಾರದ ಜೈಲಿನಲ್ಲಿ ಹದಿನಾಲ್ಕು ವರ್ಷ ಕೊಳೆತ ಮನುಷ್ಯ ಆತ. 1993ರಲ್ಲಿ ಒಡಿಶಾದ ನೀಲಬತಿ ಬೆಹೆರಾ ಅನ್ನುವ ತಾಯಿ ಪತ್ರ ಬರೆದೇ ಸುಪ್ರೀಂ ಕೋರ್ಟಿನಿಂದ 1,50,000 ರೂಪಾಯಿ ಪಡೆದರು. ಠಾಣೆಯಲ್ಲಿದ್ದ ಮಗನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತ್ತು. ರಿಟ್ ಬೇಗ. ಆದರೆ "ಹೊಡೆದರು", "ಹೊಡೆದಿಲ್ಲ" ಅನ್ನುವ ಜಗಳವನ್ನು ಹೈಕೋರ್ಟು ಸಾಕ್ಷಿ ಕರೆಸಿ ಬಿಡಿಸುವುದಿಲ್ಲ. ಕಾಗದವೇ ಮಾತಾಡುವಂತಿದ್ದರೆ ಮಾತ್ರ ಈ ದಾರಿ.

ಇನ್ನೊಂದು ಸಿವಿಲ್ ದಾವೆ. ಅಕ್ರಮವಾಗಿ ಕೂಡಿಹಾಕಿದ್ದಕ್ಕೆ, ಹೊಡೆದದ್ದಕ್ಕೆ, ಸುಳ್ಳು ಕೇಸು ಹಾಕಿ ಅಲೆಸಿದ್ದಕ್ಕೆ ನಷ್ಟ ಕೇಳುವುದು. ಸರ್ಕಾರವನ್ನೂ ಅಧಿಕಾರಿಯನ್ನೂ ಇಬ್ಬರನ್ನೂ ಪ್ರತಿವಾದಿ ಮಾಡುತ್ತಾರೆ. ದಾವೆಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳ ನೋಟಿಸ್: ಸರ್ಕಾರದ ಪರವಾಗಿ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ, ಅಧಿಕಾರಿಗೆ ಬೇರೆ. ಪೊಲೀಸ್ ಕಾಯ್ದೆಯ 170 ಕೂಡ ಎರಡು ತಿಂಗಳ ನೋಟಿಸ್ ಕೇಳುತ್ತದೆ, ಸರ್ಕಾರದ ಅನುಮತಿಯನ್ನೂ ಕೇಳುತ್ತದೆ. ಅನುಮತಿಯ ಅರ್ಜಿ ಮತ್ತು ನೋಟಿಸ್ ಒಂದೇ ದಿನ ಹೋಗಲಿ.

ಈಗ ಗಡಿಯಾರ ನೋಡಿ. ಅಕ್ರಮ ಬಂಧನಕ್ಕೆ ಬಿಡುಗಡೆಯಾದ ದಿನದಿಂದ ಒಂದೇ ವರ್ಷ. ಸುಳ್ಳು ಮೊಕದ್ದಮೆಗೆ ಅದು ನಿಮ್ಮ ಪರವಾಗಿ ಮುಗಿದ ದಿನದಿಂದ ಒಂದು ವರ್ಷ. ನೋಟಿಸಿನ ಅವಧಿ, ಅನುಮತಿಗೆ ಹಿಡಿದ ಅವಧಿಯನ್ನು ಕಾಲಮಿತಿ ಕಾಯ್ದೆಯ 15ನೇ ಕಲಂ ಕಳೆದುಕೊಡುತ್ತದೆ. ಆಯೋಗದ ಮುಂದೆ ಕಾದ ಅವಧಿಯನ್ನು ಕಳೆದುಕೊಡುವುದಿಲ್ಲ. ನಾವು ಸೋತದ್ದು ಇಲ್ಲೇ. ಆಯೋಗ ಎರಡು ವರ್ಷದ ಹತ್ತಿರ ತೆಗೆದುಕೊಂಡು ಇಪ್ಪತ್ತೈದು ಸಾವಿರ ಶಿಫಾರಸು ಮಾಡಿತು. ಅದನ್ನು ಹಿಡಿದು "ಇನ್ನು ದಾವೆ ಹಾಕೋಣ ಸರ್" ಅಂತ ವಕೀಲರ ಬಳಿ ಹೋದೆ. ಅವರು ಏನೂ ಹೇಳದೆ ಕಾಲಮಿತಿ ಕಾಯ್ದೆಯ ಪುಸ್ತಕ ತೆಗೆದು, ಆ ಪುಟ ನನ್ನ ಕಡೆ ತಿರುಗಿಸಿಟ್ಟರು. ಎಷ್ಟೋ ಜನರಿಗೆ ಆ ಕಲಮನ್ನು ಟೈಪು ಮಾಡಿಕೊಟ್ಟವಳು ನಾನೇ.

"ಸಾರ್ವಭೌಮ ಅಧಿಕಾರ, ಆದ್ದರಿಂದ ಸರ್ಕಾರ ಹೊಣೆಯಲ್ಲ" ಅಂತ ಸರ್ಕಾರಿ ವಕೀಲರು ವಾದ ಹೂಡುತ್ತಾರೆ. ಇದರ ಬೇರು ಕಸ್ತೂರಿಲಾಲ್ ಪ್ರಕರಣ: 1947ರಲ್ಲಿ ಮೀರತ್ ಠಾಣೆಯಲ್ಲಿ ಜಪ್ತಿ ಮಾಡಿಟ್ಟ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ಲೇ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದ, ಚಿನ್ನದ ಒಡೆಯನಿಗೆ ಸುಪ್ರೀಂ ಕೋರ್ಟಿನಲ್ಲೂ ಕಾಸು ಸಿಗಲಿಲ್ಲ. ಬದುಕು ಮತ್ತು ಸ್ವಾತಂತ್ರ್ಯದ ಹಕ್ಕು ಮುರಿದಾಗ ಈ ವಾದ ನಡೆಯುವುದಿಲ್ಲ ಅಂತ ನೀಲಬತಿ ತೀರ್ಪಿನಲ್ಲೇ ಇದೆ, ನಿಮ್ಮ ವಕೀಲರಿಗೆ ನೆನಪಿಸಿ.

ಕೇಳುವ ಮೊತ್ತ ಹೆಚ್ಚಿದಷ್ಟೂ ಕೋರ್ಟ್ ಶುಲ್ಕ ಹೆಚ್ಚುತ್ತದೆ. ಮಾನಕ್ಕೆ ಕೋಟಿ ಅಂತ ಬರೆಸಬೇಡಿ. ಆಸ್ಪತ್ರೆಯ ಬಿಲ್ಲು, ತಪ್ಪಿದ ಕೂಲಿಯ ದಿನಗಳು, ಓಡಾಟದ ಖರ್ಚು ಲೆಕ್ಕಹಾಕಿ, ನೋವಿಗೆ ಒಂದು ಮೊತ್ತ ಸೇರಿಸಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು ಇವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ. ಕೋರ್ಟಿನ ಆವರಣದಲ್ಲೇ ಕಚೇರಿ ಇರುತ್ತದೆ, 15100ಕ್ಕೂ ಕರೆ ಮಾಡಬಹುದು.

ರಾಜಿಗೆ ಬಂದಾಗ

ಬಂದೇ ಬರುತ್ತಾರೆ. ಮೊದಲು ಊರ ಹಿರಿಯರು, ಆಮೇಲೆ ನಿಮ್ಮ ಸಂಬಂಧಿಕರಲ್ಲೇ ಯಾರೋ. "ಪೊಲೀಸರ ವಿರೋಧ ಕಟ್ಕೊಂಡು ಊರಲ್ಲಿ ಬಾಳಕ್ಕಾಗುತ್ತಾ?" ರಾಜಿ ತಪ್ಪು ಅಂತ ನಾನು ಹೇಳುವುದಿಲ್ಲ, ಮೂರು ಮಕ್ಕಳ ತಾಯಿಗೆ ರಾಜಿಯೇ ಸರಿ ಅನ್ನಿಸಿದ್ದನ್ನು ನೋಡಿದ್ದೇನೆ, ನಾನೇ ಅದನ್ನು ಟೈಪು ಮಾಡಿದ್ದೇನೆ. ಆದರೆ ಮಾತು ವಕೀಲರ ಮೂಲಕ ಆಗಲಿ, ಕೇಸು ಕೋರ್ಟಿನಲ್ಲಿದ್ದರೆ ಕೋರ್ಟಿನಲ್ಲೇ ದಾಖಲಾಗಲಿ. ಠಾಣೆಯಲ್ಲಿ ಕೂತು "ನನಗೆ ಯಾರ ಮೇಲೂ ದೂರಿಲ್ಲ" ಅಂತ ಬರೆದುಕೊಡಬೇಡಿ. ಬೆದರಿಕೆ ಬಂದರೆ ದಿನಾಂಕ, ಗಂಟೆ, ಮಾತು ಹೇಗಿತ್ತೋ ಹಾಗೇ ಒಂದು ನೋಟ್‌ಬುಕ್ಕಿನಲ್ಲಿ ಅಂದೇ ಬರೆದು, ಎಸ್‌ಪಿಗೆ ಹೆಚ್ಚುವರಿ ದೂರು ಕಳಿಸಿ. ಫೈಲಿನ ಮೂರು ಸೆಟ್ ಮಾಡಿಸಿ: ಒಂದು ವಕೀಲರ ಬಳಿ, ಒಂದು ಮನೆಯಲ್ಲಿ, ಇನ್ನೊಂದು ಮನೆಯೂ ಅಲ್ಲದ ವಕೀಲರೂ ಅಲ್ಲದ ಕಡೆ.

ಆ ಠಾಣೆಯ ಪೇದೆಗಳು ಈಗಲೂ ಜೆರಾಕ್ಸಿಗೆ ನನ್ನ ಅಂಗಡಿಗೇ ಬರುತ್ತಾರೆ, ಕೋರ್ಟಿಗೆ ಹತ್ತಿರ ಅಂತ. ಈಚೆಗೆ ಬಂಧನದ ಮೆಮೊಗಳೂ ಬರುತ್ತಿವೆ, ಸಾಕ್ಷಿಯ ಸಹಿ ಸಮೇತ. ಪುಟಕ್ಕೆ ಎರಡು ರೂಪಾಯಿ, ಅವರಿಗೂ ಅಷ್ಟೇ.